ಅಕ್ಕ ಬಿಚ್ಚುತ್ತಿದ್ದ ಕಾರ್ಬ್ಯುರೇಟರ್

ಅಕ್ಕನ ಮದುವೆಗೆ ಹಂದರ ಹಾಕುವ ಹಿಂದಿನ ದಿನವೂ ನಾವಿಬ್ಬರು ದೋಣಿಯ ಮೋಟರಿನ ಮುಂದೆ ಕುಳಿತಿದ್ದೆವು. ಆಗಿನ್ನೂ ಸವದತ್ತಿ ಕಡೆಯ ಹಿನ್ನೀರು ದಾಟಲು ನಮ್ಮೂರವರಿಗೆ ಅಪ್ಪನ ದೋಣಿಯೇ ದಾರಿ. ಬಸ್ಸಿನಲ್ಲಿ ಹೋದರೆ ಅರ್ಧ ದಿನದ ಸುತ್ತು. ಮೋಟರು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. ಕೆಮ್ಮಿ ನಿಂತರೆ ಅಪ್ಪ ಅಕ್ಕನನ್ನು ಕೂಗುತ್ತಿದ್ದ. ಹುಟ್ಟು ಹಾಕಿ ದಪ್ಪಗಾದ ಅವನ ಬೆರಳಿಗೆ ಕಾರ್ಬ್ಯುರೇಟರಿನ ಸಣ್ಣ ಸ್ಕ್ರೂ ಸಿಗುತ್ತಿರಲಿಲ್ಲ.

"ಮೊದಲ ಈ ರಬ್ಬರ್ ಗುಂಡ ಹಿಚಕು, ಗಂಗಿ," ಎಂದಳು ಅಕ್ಕ. "ಗಟ್ಟಿ ಆತಂದ್ರ ಎಣ್ಣಿ ಬಂದೈತಿ. ಎಣ್ಣಿ ಬಂದೂ ಚಾಲೂ ಆಗವಲ್ದು ಅಂದ್ರ ಬಟ್ಟಲಾ ಬಿಚ್ಚಬೇಕು."

ಕಾರ್ಬ್ಯುರೇಟರಿನ ಅಡಿಯ ಆ ಎಣ್ಣೆ ಬಟ್ಟಲಿನ ತಳದಲ್ಲಿ ಒಂದು ಹನಿ ನೀರು ಉರುಳಾಡುತ್ತಿತ್ತು. ಅದನ್ನು ಚೆಲ್ಲಿ, ಎಣ್ಣೆ ಹಾಯುವ ಸಣ್ಣ ತೂತಿದ್ದ, ಶೇಂಗಾ ಕಾಳಿನಷ್ಟಿದ್ದ ಹಿತ್ತಾಳೆಯ ಜೆಟ್ಟನ್ನು ಬಿಚ್ಚಿ, ಬಾಯಿಂದ ಊದಿ, ಬಿಸಿಲಿಗೆ ಎತ್ತಿ ನನ್ನ ಕಣ್ಣಿಗೆ ಹಿಡಿದಳು.

"ಬೆಳಕ ಕಾಣತೈತೇನ?"

"ಸೂಜಿ ಮೊನಿಯಷ್ಟ ಕಾಣತೈತಿ."

"ಅಷ್ಟ ಸಾಕವಾ ಅದಕ್ಕ."

ಅರಿಷಿಣ ಹಚ್ಚಿದರೂ ಅವಳ ಕೈಯ ಸೀಮೆಎಣ್ಣೆಯ ವಾಸನೆ ಹೋಗಲಿಲ್ಲ. "ಮದುಮಗಳ ಹತ್ರ ಯಾರೂ ಕಡ್ಡಿ ಕೊರೀಬ್ಯಾಡ್ರಿ ಮತ್ತ!" ಎಂದು ಹೆಂಗಸರು ನಕ್ಕರು.

ಅಕ್ಕ ರಾಮದುರ್ಗಕ್ಕೆ, ಗಂಡನ ಮನೆಗೆ ಹೋದಳು. ನಾನು ದಂಡೆಯ ಮೇಲೆ ಮನೆ ಗೀಚಿ ಒಬ್ಬಳೇ ಕುಂಟಾಟ ಆಡುತ್ತಿದ್ದೆ. ನಾಗರ ಪಂಚಮಿಗೆ ಬರುತ್ತಾಳೆಂದು ದಿನ ಎಣಿಸಿದೆ. ಆದರೆ ಅವಳ ಅತ್ತೆಯ ಕಾಲು ಮುರಿದಿತ್ತು, ಕಳಿಸಲಿಲ್ಲ. ಅವ್ವ ಅವಳಿಗೆಂದು ತೆಗೆದಿಟ್ಟ ಶೇಂಗಾ ಉಂಡಿಗಳು ಡಬ್ಬಿಯಲ್ಲೇ ಕಮಟು ವಾಸನೆ ಹಿಡಿದವು.

ಆ ಡಬ್ಬಿ ತೊಳೆಯಲು ಹಾಕಿದ ದಿನ, ಅಪ್ಪ ಊಟಕ್ಕೆ ಹೋದಾಗ ನಾನು ಮೋಟರಿನ ಬಟ್ಟಲು ಬಿಚ್ಚಿದೆ. ಅರಿವೆ ಒಗೆಯುವ ಕಲ್ಲಿನ ಮೇಲಿದ್ದ ಸಾಬೂನನ್ನು ಚಿವುಟಿ ಜೆಟ್ಟಿನೊಳಗೆ ಒತ್ತಿ, ಎಲ್ಲ ಮೊದಲಿನಂತೆ ಕೂರಿಸಿದೆ. ಮೋಟರು ಕೆಟ್ಟರೆ ಅಕ್ಕನನ್ನು ಕರೆಸಲೇಬೇಕಲ್ಲ.

ಅಪ್ಪ ಮೋಟರು ಶುರು ಮಾಡುವ ಹಗ್ಗ ಎಳೆದ, ಪ್ಲಗ್ ಒರೆಸಿದ, ಮತ್ತೆ ಎಳೆದ. ಆಮೇಲೆ ಹುಟ್ಟು ಕೈಗೆ ತೆಗೆದುಕೊಂಡ. ಎರಡು ದಿನ ಶ್ರಾವಣದ ಗಾಳಿಗೆ ಎದುರಾಗಿ ಜನರನ್ನು ದಾಟಿಸಿದ. ಅಂಗೈಯ ಬೊಬ್ಬೆ ಒಡೆದು, ಅವ್ವ ಅವನಿಗೆ ರೊಟ್ಟಿ ಮುರಿದು ಕೊಡಬೇಕಾಯಿತು. ನಾನು ಅವನ ಕೈ ನೋಡಲಿಲ್ಲ. ಹೇಳಲೂ ಇಲ್ಲ. ಮೂರನೆಯ ದಿನ ಅಪ್ಪ ರಾಮದುರ್ಗಕ್ಕೆ ಹೋಗಿ ಅಕ್ಕನನ್ನು ಕರೆತಂದ.

ಅವಳು ಜೆಟ್ಟನ್ನು ಬಿಸಿಲಿಗೆ ಹಿಡಿದಳು. ಬೆಳಕು ಕಾಣಲಿಲ್ಲ. ವೈರಿನ ಎಳೆ ತೂರಿಸಿದಾಗ ಬಿಳಿಯದೇನೋ ಹೊರಬಂತು. ಮೂಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಏನವಾ ಅದು?" ಅಪ್ಪ ಕೇಳಿದ.

"ಕಸಾ, ಯಪ್ಪಾ. ಎಣ್ಣಿ ಸೋಸಿ ಹಾಕು ಅಂದ್ರ ಕೇಳಂಗಿಲ್ಲ ನೀ."

"ತಪ್ಪಾತವಾ. ಇನ್ನ ಮ್ಯಾಲ ಸೋಸತೇನಿ."

ಅಂದಿನಿಂದ ಅಪ್ಪ ಸೀಮೆಎಣ್ಣೆಯನ್ನು ಎರಡೆರಡು ಸಲ ಸೋಸುತ್ತಿದ್ದ. ಸಾಬೂನಿನ ಮಾತು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮರುದಿನ ಬಸ್ಸು ಹತ್ತುವ ಮುಂಚೆ ಅಕ್ಕ ನನ್ನ ಕಿವಿ ಹಿಂಡಿದಳು, ನೋಯುವಷ್ಟಲ್ಲ. "ಯಪ್ಪನ ಅಂಗೈ ನೋಡೀಯೇನ? ನಾ ಬರಬೇಕ ಅನಿಸಿದ್ರ ಎರಡ ಸಾಲ ಬರಿ. ಹುಚ್ಚಿ."

ಮುಂದಿನ ಮಳೆಗಾಲ ಶುರುವಾದಾಗ ಬರೆದೆ: ಪಂಚಮಿಗೆ ಉಂಡಿ ಕಟ್ಟುವ ಮೊದಲೇ ಬಾ. ಕಾರ್ಡು ತಲುಪಿತೋ ಇಲ್ಲವೋ ತಿಳಿಯದು. ಆ ಪಂಚಮಿಗೆ ಮೊದಲೇ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ಮೋಟರು ಬಿಚ್ಚುವ ಕೆಲಸ ನನಗೆ ಬಂತು. ರಬ್ಬರ್ ಗುಂಡು, ಬಟ್ಟಲು, ಜೆಟ್ಟು, ಅವಳು ಹೇಳಿಕೊಟ್ಟ ಕ್ರಮದಲ್ಲೇ ಮಾಡುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕೂತು ಸೀಮೆಎಣ್ಣೆ ಸೋಸುತ್ತಿದ್ದ.

ಈಗ ರಸ್ತೆಯಾಗಿದೆ, ದಂಡೆಯಲ್ಲಿ ದೋಣಿಗೆ ಕಾಯುವವರಿಲ್ಲ. ಅಪ್ಪ ಹೋದ ಮೇಲೆ ಮೋಟರನ್ನು ಗುಜರಿಗೆ ಕೊಟ್ಟೆವು. ಕೊಡುವ ಮೊದಲು ಜೆಟ್ಟನ್ನು ಬಿಚ್ಚಿಟ್ಟುಕೊಂಡೆ. ಕಿಟಕಿಗೆ ಹಿಡಿದರೆ ಸೂಜಿ ಮೊನೆಯಷ್ಟು ಬೆಳಕು ಇಂದಿಗೂ ಕಾಣುತ್ತದೆ. ಕಾಣತೈತೇನ ಎಂದು ಕೇಳಲು ಅಕ್ಕ ಇಲ್ಲ.