ಮೂರನೆಯ ಸಲ ಯಾರೂ ಕೇಳಲಿಲ್ಲ

ನನಗೆ ಹದಿಮೂರು ತುಂಬುವವರೆಗೂ ನಮ್ಮ ಅಜ್ಜಿಯ ಬಾಯಿಂದ ಒಂದೇ ಒಂದು ಒಳ್ಳೆಯ ಸುದ್ದಿ ಕೇಳಿದ ನೆನಪಿಲ್ಲ. ರಾಯಚೂರು ಜಿಲ್ಲೆಯ ನಮ್ಮೂರು ಜಾಲಹಳ್ಳಿಯಲ್ಲಿದ್ದಾಗ ನಮ್ಮ ಎಮ್ಮೆ ಎರಡು ಹೊತ್ತೂ ತಂಬಿಗೆ ತುಂಬ ಹಾಲು ಕೊಡುತ್ತಿತ್ತು. ಯಾರಾದರೂ ಕೇಳಿದರೆ ಅಜ್ಜಿ, "ಎಲ್ಲಿ ಹಾಲು ಯವ್ವಾ, ಚಾಕ್ಕೂ ಸಾಲಂಗಿಲ್ಲ" ಅನ್ನುವಳು. ನಾನು ಕ್ಲಾಸಿಗೇ ಮೊದಲು ಬಂದರೆ, "ಹೆಂಗೋ ಪಾಸಾಗ್ಯಾಳ" ಅನ್ನುವಳು. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ಅವಳ ನಂಬಿಕೆ. ಅಪ್ಪನಿಗೆ ರಾಯಚೂರಿನ ಕಚೇರಿಯೊಂದರಲ್ಲಿ ಜವಾನನ ಕೆಲಸ ಸಿಕ್ಕು ನಾವೆಲ್ಲ ಊರು ಬಿಟ್ಟಾಗ, ಪಾತ್ರೆ ಪಗಡಗಳ ಜೊತೆ ಈ ನಂಬಿಕೆಯೂ ಟೆಂಪೊ ಹತ್ತಿ ಬಂತು.

ಅದನ್ನು ನಾನು ಶಾಲೆಗೂ ಹೊತ್ತುಕೊಂಡು ಹೋದೆ. ಪ್ರತಿ ಪರೀಕ್ಷೆಗೆ ಮುಂಚೆ "ಈ ಸಲ ಫೇಲ್ ಆಗ್ತೀನಿ" ಅನ್ನುವುದು, ಮೋಡ ಕಂಡರೆ "ಆಟದ ಪಿರಿಯಡ್ ಹೋತು" ಅನ್ನುವುದು. ಬರಬರುತ್ತಾ ಬಾಯಿಮಾತು ಹೊಟ್ಟೆಗೂ ಇಳಿಯಿತು, ನಿಜವಾಗಿಯೂ ಎಲ್ಲ ಕೆಡುತ್ತದೆಂದೇ ಅನಿಸತೊಡಗಿತು. ಎಂಟನೆಯ ತರಗತಿಯಲ್ಲಿ ನನ್ನ ಅಡ್ಡಹೆಸರು 'ಆಗಂಗಿಲ್ಲ'. ಅದನ್ನಿಟ್ಟವಳು ನನ್ನ ಬೆಂಚಿನ ಗೆಳತಿಯೇ. ಅವಳಪ್ಪನದು ಸಂತೆಯಲ್ಲಿ ಬಳೆ ಅಂಗಡಿ, ಮನೆಯಲ್ಲಿ ದಖ್ಖನಿ ಉರ್ದು ಮಾತು. ಅವಳೋ ನನ್ನ ಪೂರ್ತಿ ಉಲ್ಟಾ. ಗಣಿತದಲ್ಲಿ ಒಂದಕ್ಷರ ಬರದಿದ್ದರೂ "ಆಗ್ತದ ಬಿಡಲೇ" ಎಂದು ನಗುತ್ತಾ ಪೇಪರು ಬರೆದು ಬರುತ್ತಿದ್ದಳು. ಅವಳನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ನನಗೆ ನಿಜಕ್ಕೂ ಬರುತ್ತಿದ್ದ ವಿದ್ಯೆಯೆಂದರೆ ಖೋ ಖೋ. ಊರಿನ ಕರಿಮಣ್ಣಿನ ಬಯಲಲ್ಲಿ ಗಂಡುಹುಡುಗರನ್ನೂ ಅಟ್ಟಿಸಿಕೊಂಡು ಹೋಗಿ ಮುಟ್ಟಿದವಳು ನಾನು. ಮಾನ್ವಿಯಲ್ಲಿ ಶಾಲೆಗಳ ಪಂದ್ಯ ಎಂದು ಗೊತ್ತಾದ ದಿನದಿಂದ ತಂಡದಲ್ಲಿ ನಾನಿರಬೇಕೆಂಬ ಆಸೆ ಎಷ್ಟಿತ್ತೆಂದರೆ, ಅನ್ನ ಕಲಸುತ್ತಾ ಕೂತಲ್ಲೇ ಕಾಲು ಕುಣಿಯುತ್ತಿದ್ದವು. ಆಟದ ಮೇಡಂ ತುಮಕೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಹಾಳೆ ಹಿಡಿದು ಸಾಲಿನುದ್ದಕ್ಕೂ ಕೇಳುತ್ತಾ ಬಂದು ನನ್ನೆದುರು ನಿಂತರು.

"ನಿನಗೆ ಆಡೋಕೆ ಬರುತ್ತಾ?"

"ಇಲ್ರಿ ಮೇಡಂ, ನನಗೇನ್ ಬರ್ತದ್ರಿ" ಅಂದೆ, ನೆಲ ನೋಡುತ್ತಾ.

ನಮ್ಮ ಕಡೆ ಚಹಾ ಕೊಡುವ ರೀತಿ ನಿಮಗೆ ಗೊತ್ತಿರಬೇಕು. ಮೊದಲ ಸಲ "ಒಲ್ಲೆ", ಎರಡನೆಯ ಸಲ "ಈಗ ಕುಡದು ಬಂದೀನಿ", ಮೂರನೆಯ ಸಲ ಕಪ್ಪು-ಬಸಿ ಕೈಯಲ್ಲಿ. ಕೊಡುವವರೂ ಮೂರು ಸಲ ಕೇಳುತ್ತಾರೆ. ನಾನು ಎರಡನೆಯ ಪ್ರಶ್ನೆಗಾಗಿ ಕಾಯುತ್ತಾ ನಿಂತೆ. ಮೇಡಂ "ಸರಿ" ಅಂದು ಪಕ್ಕದವಳತ್ತ ಹೋದರು. ಪಟ್ಟಿಯಲ್ಲಿ ಹನ್ನೆರಡು ಹೆಸರು ತುಂಬಿದವು, ಹಾಳೆ ಮಡಚಿ ಪರ್ಸಿಗೆ ಹೋಯಿತು. ನಾನಿನ್ನೂ ಕಾಯುತ್ತಲೇ ಇದ್ದೆ!

ಮನೆಗೆ ಬಂದು ಅತ್ತುಬಿಟ್ಟೆ. ಅಜ್ಜಿ ತಲೆ ಸವರಿ, "ಚಲೋನ ಆತು ಬಿಡು, ಯಾರದರ ಕಣ್ಣು ಬೀಳ್ತಿತ್ತು" ಅಂದಳು. ಹುಟ್ಟಿದಂದಿನಿಂದ ಅವಳ ಮೇಲೆ ಬಾರದ ಸಿಟ್ಟು ಅವತ್ತು ಬಂತು. ಕಣ್ಣು ಬೀಳಲು ಏನಾದರೂ ಇರಬೇಕಲ್ಲ? ಅಂದು ಅವಳ ಕೈಯ ರೊಟ್ಟಿ ತಿನ್ನಲಿಲ್ಲ.

ಮರುದಿನ ಗೆಳತಿಗೆ ಹೇಳಿಕೊಂಡೆ.

"ಹೋಗಿ ಕೇಳಲೇ" ಅಂದಳು.

"ಇಲ್ಲ ಅಂತಾರ."

"ಈಗೇನ್ ಹೂಂ ಅಂದಾರೇನು? 'ಇಲ್ಲ' ಅನ್ನೋ ಉತ್ತರ ಹೆಂಗೂ ಈಗಾಗ್ಲೇ ನಿನ್ನ ಕೈಯಾಗ ಅದ. ಹೋಗು."

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ ನೋಡಿ. ಅವಳೇ ನನ್ನ ಬೆನ್ನಿಗೆ ಕೈಯಿಟ್ಟು ಸ್ಟಾಫ್ ರೂಮಿನ ಬಾಗಿಲವರೆಗೆ ದೂಡಿದಳು. ಒಳಗೆ ಹೋಗಿ, "ಮೇಡಂ, ನನಗ ಖೋ ಖೋ ಸ್ವಲ್ಪ ಬರ್ತದ್ರಿ" ಅಂದೆ.

"ನಿನ್ನೆ ಬರಲ್ಲ ಅಂದೆ, ಇವತ್ತು ಸ್ವಲ್ಪ. ನಾಳೆ?"

"ಚಲೋ ಬರ್ತದ್ರಿ. ಭಾಳ ಚಲೋ ಬರ್ತದ್ರಿ" ಅಂದುಬಿಟ್ಟೆ. ಅಂದಮೇಲೆ ಈಗಲೇ ಚಾವಣಿ ಕಳಚಿ ಬೀಳುತ್ತದೆಂದು ಮೇಲೆ ನೋಡಿದೆ. ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು. ಮೇಡಂ ನಕ್ಕರು. ಪಟ್ಟಿ ತುಂಬಿತ್ತು, ಹಾಗಾಗಿ ಹದಿಮೂರನೆಯವಳಾಗಿ ನೀರಿನ ಕ್ಯಾನು ಹೊತ್ತು ಬರಲು ಒಪ್ಪಿಗೆ ಸಿಕ್ಕಿತು. ಯಾರಿಗಾದರೂ ಪೆಟ್ಟಾದರೆ ಮಾತ್ರ ಆಟ.

ಮಾನ್ವಿಯ ಬಸ್ಸಿನಲ್ಲಿ ಉಳಿದವರು ಹಾಡಿದರು, ನಾನು ಕ್ಯಾನು ತಬ್ಬಿಕೊಂಡು ಕೂತೆ. ಎರಡನೆಯ ಪಂದ್ಯದಲ್ಲಿ ನಮ್ಮವಳೊಬ್ಬಳು ಕಂಬದ ಹತ್ತಿರ ಕಾಲು ಉಳುಕಿಸಿಕೊಂಡಳು. ಪಾಪ, ಅವಳಿಗಾಗಿ ಮರುಗಬೇಕಿತ್ತು, ಮರುಗಿದೆ ಕೂಡ, ಆದರೆ ಆಮೇಲೆ. ಮೇಡಂ ನನ್ನತ್ತ ತಿರುಗಿ "ಹೋಗ್..." ಅನ್ನುವಷ್ಟರಲ್ಲಿ "ಹೋಗ್ತೀನ್ರಿ!" ಎಂದು ಕ್ಯಾನು ಎಸೆದಿದ್ದೆ. ಮುಚ್ಚಳ ಬಿಚ್ಚಿ ನೀರೆಲ್ಲ ಮೇಡಂ ಬೂಟಿನ ಮೇಲೆ. ನಾಲ್ವರನ್ನು ಔಟ್ ಮಾಡಿದೆ. ಪಂದ್ಯ ಒಂದು ಅಂಕದಿಂದ ಸೋತೆವು.

ಸಂಜೆ ಮನೆ ಹೊಕ್ಕಾಗ ಅಜ್ಜಿ ಹೊಸ್ತಿಲ ಹತ್ತಿರವೇ ಕೂತಿದ್ದಳು. "ಹೆಂಗಾತು?"

"ಹೆಂಗೋ ಆತು" ಎಂಬ ಉತ್ತರ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಸೋತ್ವಿ ಯವ್ವಾ. ಆದ್ರ ನಾ ಭಾಳ ಚಲೋ ಆಡಿದ್ನಿ."

ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ಸಿಟ್ಟಾದಳೇನೋ ಅಂದುಕೊಂಡೆ. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು, ನನ್ನನ್ನು ನಿಲ್ಲಿಸಿ ಮೂರು ಸುತ್ತು ನಿವಾಳಿಸಿ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟಿಗೆ ಇಬ್ಬರೂ ಕೆಮ್ಮಿದೆವು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಚಾಪೆಯ ಮೇಲೆ ಗಟ್ಟಿಯಾಗಿ ಕೂತಳು.

"ದೃಷ್ಟಿ ತಗದೀನಿ. ಈಗ ಜೋರಾಗಿ ಹೇಳು, ಎಷ್ಟ್ ಮಂದೀನ ಔಟ್ ಮಾಡಿದಿ?"