ಅತ್ತೆಗೆ ತಲುಪಿದ ಕತೆ

ನನ್ನ ಕತೆಯೊಂದರಲ್ಲಿ ಹಿತ್ತಲ ಸೀಬೆಹಣ್ಣನ್ನು ಯಾರಿಗೂ ಕೊಡದ ಮುದುಕಿ ಬರುತ್ತಾಳೆ. ತಮಿಳುನಾಡಿನ ಗಡಿಯ ಬಾಗಲೂರಿನಲ್ಲಿರುವ ನನ್ನ ಸೋದರತ್ತೆಯ ಹಿತ್ತಲಲ್ಲೂ ಸೀಬೆಮರವಿದೆ. ಅತ್ತೆ ನನ್ನೊಡನೆ ಮಾತು ಬಿಟ್ಟರು.

ಕತೆಯನ್ನು ಅವರು ಓದಿರಲಿಲ್ಲ. ಅದನ್ನು ಓದಿದ ಅವರ ಮಗ ತನ್ನ ಹೆಂಡತಿಗೆ ತಮಿಳಿನಲ್ಲಿ ಹೇಳಿದ. ಅವಳು ಪಕ್ಕದ ಮನೆಯಾಕೆಗೆ ತೆಲುಗಿನಲ್ಲಿ ಹೇಳಿದಳು. ಆಕೆ ಅತ್ತೆಗೆ ಕನ್ನಡದಲ್ಲಿ ಒಪ್ಪಿಸುವ ಹೊತ್ತಿಗೆ ಮುದುಕಿ ಸೊಸೆಯನ್ನು ಬಾವಿಗೆ ತಳ್ಳಿಯಾಗಿತ್ತು.

ಬಿಸಿಲಲ್ಲಿ ಹೊಸೂರಿನಿಂದ ಬಸ್ಸು ಹತ್ತಿ ಸಂಧಾನಕ್ಕೆ ಹೋದೆ.

"ಅದು ಕಟ್ಟುಕತೆ ಅತ್ತೆ. ಅಂಥವರು ಯಾರೂ ಇಲ್ಲ."

"ಇಲ್ದಿರೋಳ್ನ ಬೈಯಕ್ಕೆ ಅಷ್ಟುದ್ದ ಬರೀಬೇಕೇನ್ಲಾ?"

ವಿಮರ್ಶಕರೂ ಎತ್ತದ ಮೂಲಭೂತ ಪ್ರಶ್ನೆ. ಸಾಕಾಗಿ, "ಮುಂದಿನ ಕತೆಯಲ್ಲಿ ಮುದುಕಿ ಊರಿಗೆಲ್ಲ ಹಣ್ಣು ಹಂಚುತ್ತಾಳೆ" ಎಂದೆ.

ಅತ್ತೆ ಕಾಫಿಲೋಟ ನನ್ನತ್ತ ಸರಿಸಿದರು.

"ಹಂಚ್ಲಿ. ಪಕ್ಕದ ಮನೆಯೋಳ್ಗೆ ಮಾತ್ರ ಒಂದೂ ಕೊಡಕೂಡ್ದು, ಬರ್ಕೊ."