ಕೊರಗಜ್ಜ ಹುಡುಕಿಕೊಟ್ಟ ಮೂತ್ರ

ಕೀ, ಕಿವಿಯೋಲೆ, ತಪ್ಪಿಸಿಕೊಂಡ ದನ ಇವನ್ನೆಲ್ಲ ನಮ್ಮ ತುಳುನಾಡಿನ ದೈವ ಸ್ವಾಮಿ ಕೊರಗಜ್ಜ ಹುಡುಕಿಕೊಟ್ಟ ಅನುಭವ ನಿಮ್ಮಲ್ಲಿ ಅನೇಕರಿಗೆ ಉಂಟು. ಹೋದ ವರ್ಷದ ಆಟಿ ತಿಂಗಳ ಜಡಿಮಳೆಯಲ್ಲಿ ನನ್ನ ಮನೆಯಿಂದ ಕಾಣೆಯಾದದ್ದು ಹೆಂಡತಿ ಸುನಂದಾಳ ಮೂತ್ರ. ನಗಬೇಡಿ, ನಾನೂ ನಗಲಿಲ್ಲ.

ಸುರತ್ಕಲ್ಲಿನ ನಮ್ಮ ಅಂಗಳಕ್ಕೆ ಚರಂಡಿ ನೀರು ನುಗ್ಗಿದಾಗ ಒಡೆದ ಹಿಮ್ಮಡಿಯಲ್ಲೇ ಇಳಿದು ಕಸ ಎತ್ತಿದವಳು ಅವಳು. ಕೊಡೆ ಹಿಡಿದು ಮೇಲ್ವಿಚಾರಣೆ ನಡೆಸಿದವನು ನಾನು. ವಾರ ಕಳೆದ ಮೇಲೆ ಅವಳಿಗೆ ಚಳಿಜ್ವರ, ಮೀನಖಂಡದಲ್ಲಿ ಸಹಿಸಲಾಗದ ನೋವು, ಕೆಂಪು ಕಣ್ಣು. ಐದನೆಯ ದಿನ ಕಣ್ಣು ಹಳದಿಯಾಯಿತು. ನಿವೃತ್ತ ಮುಖ್ಯೋಪಾಧ್ಯಾಯನಿಗೆ ತಿಳಿಯದ್ದು ಉಂಟೇ? ಕಾಮಾಲೆ ಎಂದು ತೀರ್ಪು ಕೊಟ್ಟು, ಉಪ್ಪಿಲ್ಲದ ಗಂಜಿ ಆಜ್ಞಾಪಿಸಿ, ಮರುದಿನ ಬೆಳಿಗ್ಗೆ ನಾಟಿ ಮದ್ದಿಗೆಂದು ರಿಕ್ಷಾ ಹತ್ತಿಸಿದೆ.

"ನಿನ್ನೆಯಿಂದ ಒಂದಕ್ಕೇ ಹೋಗ್ಲಿಲ್ಲ ಮಾರಾಯ್ರೆ," ಎಂದಳು ದಾರಿಯಲ್ಲಿ.

ಕೊರಗಜ್ಜನ ಕಟ್ಟೆಯ ಬಳಿ ರಿಕ್ಷಾ ನಿಲ್ಲಿಸಿ, ಪಕ್ಕದ ಅಂಗಡಿಯಲ್ಲಿ ಹರಕೆಗೆಂದು ಅಜ್ಜನಿಗೆ ಪ್ರಿಯವಾದ ಚಕ್ಕುಲಿ ಕೇಳಿದೆ. ಅಂಗಡಿಯ ಹೆಂಗಸು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದಳು: "ಎಂತ ಕಳೆದುಹೋದದ್ದು ಅಣ್ಣ?"

ಕಟ್ಟೆಯೆದುರು ಸುಳ್ಳು ಹೇಳುವುದುಂಟೇ? "ಹೆಂಡತಿಯ ಮೂತ್ರ," ಎಂದೆ.

ಅವಳು ಚಕ್ಕುಲಿ ಕೆಳಗಿಟ್ಟು ರಿಕ್ಷಾದೊಳಗೆ ಬಗ್ಗಿ ಸುನಂದಾಳ ಕಣ್ಣು ನೋಡಿದಳು. "ಕೊಳಚೆ ನೀರಿಗೆ ಇಳಿದಿದ್ರಾ ಅಕ್ಕ?" ಸುನಂದಾ ಹೌದೆಂದಳು. "ಇದು ಇಲಿಜ್ವರ ಅಣ್ಣ! ನನ್ನ ಮೈದುನನಿಗೆ ಹೀಗೇ ಆದದ್ದು. ನಾಟಿ ಮದ್ದಿನವರಲ್ಲಿಗೆ ಹೊರಟದ್ದಾದ್ರೆ ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಚಕ್ಕುಲಿ ಮತ್ತೆ ಕೊಡುವ, ಅಜ್ಜ ಎಲ್ಲಿಗೂ ಹೋಗುದಿಲ್ಲ."

ಮಂಗಳೂರಿನ ಫಳ್ನೀರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೀನಖಂಡ ಒತ್ತಿದರು, ಸುನಂದಾ ಕಿರುಚಿದಳು. ರಕ್ತದ ವರದಿಗೆ ಕಾಯದೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರುವಾಯಿತು. "ಕಿಡ್ನಿಗೆ ಪೆಟ್ಟು ಬಿದ್ದಿದೆ, ಡಯಾಲಿಸಿಸ್ ಬೇಕು. ನಾಳೆ ತಂದಿದ್ರೆ ಕಷ್ಟ ಇತ್ತು," ಎಂದರು. ಐಸಿಯು ಬಾಗಿಲಲ್ಲಿ ಮೂರು ದಿನ ಕುಳಿತೆ. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವನಿಗೆ ತನ್ನ ತಪ್ಪಿಗೆ ಅಡ್ಡಗೆರೆ ಎಳೆಯಲು ಕೆಂಪು ಶಾಯಿ ಸಾಲಲಿಲ್ಲ.

ನಾಲ್ಕನೆಯ ದಿನ ಸಿಸ್ಟರ್ ಓಡಿ ಬಂದರು. "ಸರ್, ಇನ್ನೂರು ಎಂಎಲ್ ಬಂತು!"

ನನ್ನ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದಾಗಲೂ ನಾನು ಹಾಗೆ ಅತ್ತವನಲ್ಲ.

ಬೇರೆಲ್ಲಿ ಹರಕೆ ಹೇಳಿಕೊಂಡಿದ್ದರೂ ಏನು ಕಳೆದುಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ಅಂಗಡಿಯವಳ ಬಾಯಿಂದ ಆ ಪ್ರಶ್ನೆ ಕೇಳಿಸಿದ್ದು ಅಜ್ಜನೇ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಗುಣವಾದ ಮೇಲೆ ಇಬ್ಬರೂ ಹರಕೆ ತೀರಿಸಲು ಹೋದೆವು. "ಸಿಕ್ಕಿತಾ ಅಣ್ಣ?" ಎಂದಳು ಅಂಗಡಿಯವಳು. "ಎಂತ ಸಿಕ್ಕಿದ್ದು?" ಎಂದರು ಪಕ್ಕದಲ್ಲಿದ್ದ ಯಾರೋ. ನಾನು ಬಾಯಿ ತೆರೆಯುವ ಮೊದಲೇ ಸುನಂದಾ ನನ್ನ ಕಾಲು ತುಳಿದು, "ಕಪಾಟಿನ ಕೀ," ಎಂದಳು.

ಅಜ್ಜ ಅವಳನ್ನು ಕ್ಷಮಿಸಲಿ. ಅವಳ ಒಪ್ಪಿಗೆ ಪಡೆದೇ ಸತ್ಯವನ್ನು ಇಲ್ಲಿ ಬರೆದಿದ್ದೇನೆ. ಮಳೆಗಾಲದ ಜ್ವರದಲ್ಲಿ ಕಣ್ಣು ಹಳದಿಯಾದರೆ, ಮೂತ್ರ ನಿಂತರೆ, ಹರಕೆ ಹೇಳಿಕೊಳ್ಳಿ. ಆದರೆ ರಿಕ್ಷಾ ಆಸ್ಪತ್ರೆಯ ಕಡೆಗೇ ಓಡುತ್ತಿರಲಿ. ಓಡುವ ರಿಕ್ಷಾದಿಂದ ಹೇಳಿದ್ದೂ ಅಜ್ಜನಿಗೆ ಕೇಳುತ್ತದೆ.